ಪಟ್ಟಿ ಬಾಯಿಪಾಠ, ವಾಕ್ಯ ಮಾತ್ರ ತಪ್ಪು

ಇಂಗ್ಲಿಷಿನ ಅನಿಯಮಿತ ಕ್ರಿಯಾಪದಗಳ ಮೂರೂ ರೂಪಗಳನ್ನು (‘ಗೋ, ವೆಂಟ್, ಗಾನ್’ ಎಂಬಂತೆ) ಮಗು ತಡವರಿಸದೆ ಒಪ್ಪಿಸಿದರೆ ವ್ಯಾಕರಣದ ಅರ್ಧ ಕೆಲಸ ಮುಗಿಯಿತೆಂಬ ನಂಬಿಕೆ ನಮ್ಮ ಜಿಲ್ಲೆಯ ಪಾಲಕರಲ್ಲಿ ಗಟ್ಟಿಯಾಗಿ ಬೇರೂರಿದೆ. ಹತ್ತನೆಯ ತರಗತಿಯ ಮಕ್ಕಳಿಗೂ ಗೋಕರ್ಣದ ಹೋಮ್‌ಸ್ಟೇಗಳಲ್ಲಿ ದುಡಿಯುವ ಹುಡುಗರಿಗೂ ಇಂಗ್ಲಿಷ್ ಹೇಳಿಕೊಡುವ ನನಗೆ ಈ ನಂಬಿಕೆಯ ಫಲ ದಿನವೂ ಕಿವಿಗೆ ಬೀಳುತ್ತದೆ: ‘ಐ ಡಿಡ್ ನಾಟ್ ವೆಂಟ್.’

ಶಿರಸಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಮಗಳನ್ನು ಕರೆತಂದು, ‘ಕೂಸಿಗೆ ಪಟ್ಟಿ ಪೂರ್ತಿ ಬಾಯಿಪಾಠ ಬತ್ತು, ನೀವೇ ಕೇಳಿ’ ಎಂದಿದ್ದರು. ಹುಡುಗಿ ‘ಅರೈಸ್, ಅರೋಸ್, ಅರಿಸನ್’ ಎಂದು ಆರಂಭಿಸಿ ಒಂದೇ ಉಸಿರಿಗೆ ಎಷ್ಟೋ ದೂರ ಹೋದಳು. ನಿನ್ನೆ ಶಾಲೆಗೆ ಹೋಗಿದ್ದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಬಂದದ್ದು ಅದೇ ‘ಡಿಡ್ ನಾಟ್ ವೆಂಟ್’. ತಂದೆಯ ಮುಖದ ಹೆಮ್ಮೆ ಕುಂದಲಿಲ್ಲ, ಹುಡುಗಿಯ ತಪ್ಪೂ ಇರಲಿಲ್ಲ. ಯಾವ ರೂಪ ಎಲ್ಲಿಗೆ ಸಲ್ಲುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆದ್ದರಿಂದ ಇದೊಂದನ್ನು ಬಿಡಿಸಿ ಹೇಳುತ್ತೇನೆ. ‘ಡಿಡ್’ ಬಂದ ವಾಕ್ಯದಲ್ಲಿ ಭೂತಕಾಲವನ್ನು ಅದೇ ತಿಳಿಸುತ್ತದೆ. ಮುಂದಿನ ಕ್ರಿಯಾಪದ ಮೂಲರೂಪದಲ್ಲಿಯೇ ಉಳಿಯುತ್ತದೆ. ಇದು ಪರದೇಶದ ವಿಚಿತ್ರ ನಿಯಮವೇನೂ ಅಲ್ಲ. ನಾವು ‘ಹೋದೆ’ ಎನ್ನುತ್ತೇವೆ, ಆದರೆ ನಿಷೇಧಿಸುವಾಗ ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ. ಬಂದೆ, ಬರಲಿಲ್ಲ, ತಿಂದೆ, ತಿನ್ನಲಿಲ್ಲ, ಕೊಟ್ಟೆ, ಕೊಡಲಿಲ್ಲ. ಬದಲಾದ ರೂಪವನ್ನು ಕೈಬಿಟ್ಟು ಮೂಲಕ್ಕೆ ಮರಳುವ ಈ ಕ್ರಮವನ್ನು ಎರಡನೆಯ ತರಗತಿಯ ಮಗುವೂ ತಪ್ಪದೆ ಪಾಲಿಸುತ್ತದೆ. ‘ಡಿಡ್ ನಾಟ್ ಗೋ’ ಎಂಬುದರಲ್ಲಿಯೂ ನಡೆಯುವುದು ಇದೇ. ಪ್ರಶ್ನೆಯಲ್ಲಿ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ, ಏಕೆಂದರೆ ‘ಹೋದೆಯಾ?’ ಎಂಬಲ್ಲಿ ಭೂತರೂಪ ಹಾಗೆಯೇ ನಿಲ್ಲುತ್ತದೆ. ನಿಷೇಧವಾಕ್ಯದಲ್ಲಿ ತಿದ್ದಿಕೊಂಡವರು ಕೂಡ ‘ಡಿಡ್ ಯು ವೆಂಟ್’ ಎಂದು ಕೇಳಿಬಿಡುವುದು ಬಹುಶಃ ಇದೇ ಕಾರಣಕ್ಕೆ. ‘ವಾಸ್’, ‘ವರ್’ಗಳಿಗೆ ‘ಡಿಡ್’ ಬೇಕಿಲ್ಲ. ‘ಹೂ’ (ಯಾರು) ಎಂಬುದೇ ಕರ್ತೃವಾಗಿರುವ ‘ಹೂ ವೆಂಟ್?’ನಂತಹ ಪ್ರಶ್ನೆಗೂ ಸಾಮಾನ್ಯವಾಗಿ ಬೇಕಿಲ್ಲ.

ಮೂರನೆಯ ರೂಪದ ಗೊಂದಲಕ್ಕೂ ಕಾರಣ ಸಮೀಪದಲ್ಲಿಯೇ ಇದೆ. ‘ಬಂದೆ’, ‘ಬಂದಿದ್ದೇನೆ’ ಎರಡಕ್ಕೂ ನಮಗೆ ‘ಬಂದ್’ ಎಂಬ ಒಂದೇ ಅಂಗ ಸಾಕು. ಇಂಗ್ಲಿಷಿನಲ್ಲಿ ‘ಸೀ’ ಎಂಬುದರ ಎರಡನೆಯ ರೂಪ ‘ಸಾ’ ಒಂಟಿಯಾಗಿ ನಿಲ್ಲುತ್ತದೆ, ‘ಹ್ಯಾವ್’ ಜೊತೆಗೆ ಮೂರನೆಯ ರೂಪ ‘ಸೀನ್’ ಬೇಕು.

ಕಾರವಾರದ ಮಕ್ಕಳು ‘ಗೋ’ ಹೋಗಿ ‘ವೆಂಟ್’ ಏಕಾಯಿತೆಂದು ಅಚ್ಚರಿಪಟ್ಟಾಗ ನನಗೆ ನಗು ಬರುತ್ತದೆ. ಮನೆಯ ಕೊಂಕಣಿಯಲ್ಲಿ ‘ವಚ್’ (ಹೋಗು) ಎಂಬುದರ ಭೂತರೂಪ ‘ಗೆಲೊ’ ಆಗುವುದು ಅವರಿಗೆ ಎಂದೂ ವಿಚಿತ್ರವೆನಿಸಿಲ್ಲ. ‘ವೆಂಟ್’ ಕೂಡ ಹಿಂದೆ ‘ವೆಂಡ್’ ಎಂಬ ಬೇರೆಯೇ ಕ್ರಿಯಾಪದದ ಭೂತರೂಪವಾಗಿತ್ತು. ಹೆಚ್ಚು ಬಳಕೆಯ ಪದಗಳು ಹಳೆಯ ರೂಪವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್ ಎಲ್ಲವೂ ಅನಿಯಮಿತವೇ. ಇತ್ತೀಚೆಗೆ ಹುಟ್ಟಿದ ‘ಗೂಗಲ್’ ಮಾತ್ರ ಸದ್ದಿಲ್ಲದೆ ‘ಗೂಗಲ್ಡ್’ ಆಗುತ್ತದೆ.

ಹಾಗಿರುವಾಗ ಅಕಾರಾದಿಯ ಪಟ್ಟಿ ಹಿಡಿದು, ಮಗು ವರ್ಷಕ್ಕೊಮ್ಮೆಯೂ ಬಳಸದ ‘ಅರೈಸ್’ನಿಂದ ಆರಂಭಿಸುವುದೇಕೆ? ಸುಮಾರು 200 ಅನಿಯಮಿತ ಕ್ರಿಯಾಪದಗಳಲ್ಲಿ ನಿತ್ಯ ಬೇಕಾದವನ್ನು ಮೊದಲು ಆರಿಸಿ, ಧ್ವನಿಯ ಸಾಮ್ಯದಿಂದ ಗುಂಪು ಮಾಡಬೇಕು: ಸಿಂಗ್, ಸ್ಯಾಂಗ್, ಸಂಗ್ ಜೊತೆಗೆ ರಿಂಗ್, ಡ್ರಿಂಕ್, ಸ್ವಿಮ್; ನೋ, ನ್ಯೂ, ನೋನ್ ಜೊತೆಗೆ ಗ್ರೋ, ಬ್ಲೋ, ಥ್ರೋ; ಬದಲಾಗದ ಕಟ್, ಪುಟ್, ಹಿಟ್ ಬೇರೆ. ಆದರೆ ಗುಂಪನ್ನು ಅತಿಯಾಗಿ ನಂಬುವಂತಿಲ್ಲ; ‘ಬ್ರಿಂಗ್’ ನೋಡಲು ‘ಸಿಂಗ್’ನಂತಿದ್ದರೂ ‘ಬ್ರಾಟ್’ ಆಗಿಬಿಡುತ್ತದೆ. ಪ್ರತಿ ಪದಕ್ಕೂ ಒಂದು ಹೌದು, ಒಂದು ಅಲ್ಲ, ಒಂದು ಪ್ರಶ್ನೆ, ಹೀಗೆ ಮೂರು ವಾಕ್ಯಗಳನ್ನು ಮಗುವಿನಿಂದ ಬಾಯಿಬಿಟ್ಟು ಹೇಳಿಸಿ.

ಪಾಲಕರಲ್ಲಿ ಇನ್ನೊಂದು ವಿನಂತಿ. ಶಿಕ್ಷಕರು ‘ಲರ್ನ್ಡ್’ ಎಂದು ಬರೆಸಿದರು, ಗೈಡಿನಲ್ಲಿ ‘ಲರ್ನ್ಟ್’ ಇದೆ ಎಂದು ಜಗಳಕ್ಕೆ ಬರಬೇಡಿ. ಎರಡೂ ಸರಿ; ಪರೀಕ್ಷೆಯ ದೃಷ್ಟಿಯಿಂದ ಪಠ್ಯಪುಸ್ತಕದಲ್ಲಿರುವುದನ್ನು ಅನುಸರಿಸುವುದು ಕ್ಷೇಮ.