ಕಾರಿನ ಡಿಕ್ಕಿಗೆ ವೀಲ್‌ಚೇರ್ ಎತ್ತುವವರು ಯಾರು?

ಗಂಡ ಹೆಂಡತಿ ಇಬ್ಬರಿಗೂ ಅಂಗವೈಕಲ್ಯ ಇರುವವರು ಕಾರಿನ ವಿಷಯಕ್ಕೆ ಬಂದಾಗ, ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವವರು) ಆಗಿ ನಾನು ಮೊದಲು ಕೇಳುವುದು ಇದನ್ನೇ: ಮನೆ ಬಾಗಿಲಿಂದ ಹೊರಟರೆ ಯಾವ ಕೆಲಸ ಯಾರದ್ದು? ಕಾರಿನ ಬಾಗಿಲು ತೆಗೆಯಬೇಕು, ಸೀಟಿಗೆ ದಾಟಬೇಕು, ವೀಲ್‌ಚೇರ್ ಮಡಚಿ ಡಿಕ್ಕಿಗೆ ಹಾಕಬೇಕು, ಆಮೇಲೆ ಓಡಿಸಬೇಕು. ಓಡಿಸುವುದಕ್ಕೆ ಹೇಗೋ ದಾರಿ ಸಿಗುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಉಳಿದ ಮೂರರಲ್ಲಿ.

ಎಡಗಾಲಿನಲ್ಲಿ ಮಾತ್ರ ಬಲ ಇಲ್ಲದಿದ್ದರೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರೇ ಸಾಕಾಗಬಹುದು. ಬಲಗಾಲಾದರೆ ಎಡಗಾಲಿಗೆ ಆಕ್ಸಿಲರೇಟರ್ ಹಾಕಿಸಬಹುದು. ಎರಡೂ ಕಾಲಾದರೆ ಹ್ಯಾಂಡ್ ಕಂಟ್ರೋಲ್ ಇದೆ, ಅಂದರೆ ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಯಿಂದ ನಡೆಸುವ ಲಿವರ್. ಆಟೋಮ್ಯಾಟಿಕ್‌ನಲ್ಲೇ ಅಗ್ಗದ ಎಎಂಟಿ ಗೇರ್ (ಮ್ಯಾನ್ಯುಯಲ್ ಗೇರನ್ನೇ ಯಂತ್ರ ಬದಲಿಸುವಂಥದ್ದು) ನಿಧಾನದ ಟ್ರಾಫಿಕ್‌ನಲ್ಲಿ ಸ್ವಲ್ಪ ಜಗ್ಗುತ್ತದೆ. ಸೊಂಟದ ಹಿಡಿತ ಕಡಿಮೆ ಇದ್ದವರಿಗೆ ಈ ಜಗ್ಗಾಟ ಸುಸ್ತು ಮಾಡುತ್ತದೆ. ಅಂಥವರಿಗೆ ಸಿವಿಟಿ (ಜಗ್ಗದೆ ನಯವಾಗಿ ಸಾಗುವ ಆಟೋಮ್ಯಾಟಿಕ್ ಗೇರ್) ಅಥವಾ ಎಲೆಕ್ಟ್ರಿಕ್ ಕಾರು ವಾಸಿ.

ಈಗ ದಂಪತಿಯ ವಿಷಯಕ್ಕೆ ಬರೋಣ. ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಒಂದು ಉದಾಹರಣೆ ಹೇಳುತ್ತೇನೆ. ಯಜಮಾನರಿಗೆ ಚಿಕ್ಕಂದಿನಲ್ಲೇ ಪೋಲಿಯೊ. ಕಾಲಿಗೆ ಆಸರೆಯ ಪಟ್ಟಿ, ಅಂದರೆ ಕ್ಯಾಲಿಪರ್ ಹಾಕಿಕೊಂಡು, ಊರುಗೋಲು ಹಿಡಿದು ನಡೆಯುತ್ತಿದ್ದರು. ಕಾರಿಗೆ ಹ್ಯಾಂಡ್ ಕಂಟ್ರೋಲ್ ಹಾಕಿಸಿ ತಾವೇ ಓಡಿಸುತ್ತಿದ್ದರು. ಅವರ ಹೆಂಡತಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಸಂಧಿವಾತ) ಇದ್ದರೂ ಕೈ ಗಟ್ಟಿ ಇತ್ತು. ಊರುಗೋಲು, ಬ್ಯಾಗು ಎಲ್ಲಾ ಅವರೇ ಎತ್ತಿಡುತ್ತಿದ್ದರು. ಪೋಲಿಯೊ ಆದವರಿಗೆ ಎಷ್ಟೋ ದಶಕಗಳ ನಂತರ ಮತ್ತೆ ಬಲ ಕುಂದುವುದುಂಟು, ಅದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅನ್ನುತ್ತಾರೆ. ಊರುಗೋಲಿಗೆ ದುಡಿದ ಭುಜ ಬೇರೆ ನೋಯುತ್ತದೆ. ಹಾಗಾಗಿ ವೀಲ್‌ಚೇರ್ ಬಂತು. ಅಷ್ಟರಲ್ಲಿ ಹೆಂಡತಿಯ ಬೆರಳಿನ ಗಂಟುಗಳು ಊದಿಕೊಂಡಿದ್ದವು. ಮಾಮೂಲಿ ಸ್ಟೀಲ್ ವೀಲ್‌ಚೇರ್ 18-20 ಕೆಜಿ ತೂಗುತ್ತದೆ. ಯಜಮಾನರು ಮೊದಲಿನಷ್ಟೇ ಚೆನ್ನಾಗಿ ಓಡಿಸುತ್ತಾರೆ, ಕಾರು ಮಾತ್ರ ಶೆಡ್ಡಿನಲ್ಲೇ ನಿಂತಿದೆ.

ಇಂಥ ಕಡೆ ಹೊಸ ಕಾರಿಗಿಂತ ಮೊದಲು ಹಗುರ ವೀಲ್‌ಚೇರ್‌ಗೆ ದುಡ್ಡು ಹಾಕಿ ಅನ್ನುತ್ತೇನೆ. ಗಾಲಿ ಕಳಚುವ ಅಲ್ಯುಮಿನಿಯಂ ಕುರ್ಚಿಯಾದರೆ ಹತ್ತು ಕೆಜಿ ಆಸುಪಾಸಿನಲ್ಲಿ ಸಿಗುತ್ತದೆ, ಬಿಡಿಬಿಡಿಯಾಗಿ ಎತ್ತಿಡಬಹುದು. ಡಿಕ್ಕಿ ಎಷ್ಟು ಲೀಟರ್ ಅನ್ನುವುದಕ್ಕಿಂತ ಅದರ ಅಂಚು ನೆಲದಿಂದ ಎಷ್ಟು ಎತ್ತರ ಇದೆ ಅಂತ ನೋಡಿ. ಸಿಎನ್‌ಜಿ ಕಾರಿನಲ್ಲಿ ಸಿಲಿಂಡರ್ ಜಾಗ ತಿನ್ನುತ್ತದೆ. ಟಾಟಾ, ಹ್ಯುಂಡೈನವರ ಎರಡು ಸಣ್ಣ ಸಿಲಿಂಡರ್‌ಗಳ ವ್ಯವಸ್ಥೆ ಪರವಾಗಿಲ್ಲ, ಆದರೂ ಕುರ್ಚಿ ಇಟ್ಟು ನೋಡದೆ ನಂಬಬೇಡಿ.

ಸೀಟಿನ ಎತ್ತರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವೀಲ್‌ಚೇರ್ ಸೀಟು ಸಾಮಾನ್ಯವಾಗಿ ನೆಲದಿಂದ 45-50 ಸೆಂಟಿಮೀಟರ್. ಕಾರಿನ ಸೀಟು ಅದಕ್ಕೆ ಹತ್ತಿರ ಇದ್ದರೆ ಕೈಯೂರಿ ಪಕ್ಕಕ್ಕೆ ಜರುಗಬಹುದು. ಎಸ್‌ಯುವಿಯ ಎತ್ತರದ ಸೀಟಿಗೆ ಮೈಯನ್ನು ಮೇಲಕ್ಕೆತ್ತಬೇಕು, ಅದಕ್ಕೆ ಭುಜ ಬೇಕು. ಮಂಡಿ ನೋವಿನವರಿಗೆ ಇದರ ಉಲ್ಟಾ. ಅವರು ನಿಂತು, ಹಿಂದಕ್ಕೆ ಕೂರುವವರು. ತಗ್ಗಿನ ಸೀಟಿನಿಂದ ಏಳುವುದು ಅವರಿಗೆ ಶಿಕ್ಷೆ. ಒಂದೇ ಕಾರಿನಲ್ಲಿ ಇಬ್ಬರಿಗೂ ಹೊಂದಬೇಕು ಅಂದಾಗ ನಾನು ವ್ಯಾಗನ್ಆರ್ ತರಹದ ಎತ್ತರದ ಹ್ಯಾಚ್‌ಬ್ಯಾಕ್ ಕಡೆ ವಾಲುತ್ತೇನೆ. ಅದಕ್ಕೀಗ ಹೊರಗೆ ತಿರುಗುವ ಸ್ವಿವೆಲ್ ಸೀಟೂ ಬಂದಿದೆ, ಮಾಡಿದ್ದು ಬೆಂಗಳೂರಿನದೇ ಸ್ಟಾರ್ಟಪ್. ಜಾರುವ ಬಾಗಿಲು ಬೇಕೆಂದರೆ ನಮ್ಮಲ್ಲಿ ಆಯ್ಕೆ ಕಡಿಮೆ. ಮಾರುತಿ ಈಕೋದಲ್ಲಿ ಆಟೋಮ್ಯಾಟಿಕ್ ಇಲ್ಲ, ಕಿಯಾ ಕಾರ್ನಿವಲ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಒಂದು ವಿಚಿತ್ರ ಸಲಹೆಯನ್ನೂ ಕೊಡುವುದುಂಟು. ಊರೊಳಗೆ ಇಬ್ಬರೇ ಓಡಾಡುವವರಾದರೆ ಎಂಜಿ ಕಾಮೆಟ್ ಒಮ್ಮೆ ನೋಡಿ. ಮೂರು ಮೀಟರ್ ಉದ್ದವೂ ಇಲ್ಲ, ಎಲ್ಲರೂ ನಗುತ್ತಾರೆ. ಆದರೆ ಬಾಗಿಲು ಎರಡೇ, ಎರಡೂ ದೊಡ್ಡವು. ಹಿಂದಿನ ಸೀಟು ಮಡಚಿದರೆ ಅಲ್ಲೇ ಕುರ್ಚಿಗೆ ಜಾಗ. ಉದ್ದನೆಯ ಬಾಗಿಲು ತೆಗೆಯಲು ಪಕ್ಕದಲ್ಲಿ ಜಾಗ ಬೇಕು, ಇಕ್ಕಟ್ಟಿನ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟಿನವರಿಗೆ ಬೇಡ.

ಶೋರೂಮಿಗೆ ಇಬ್ಬರೂ ಹೋಗಿ. ವೀಲ್‌ಚೇರ್, ಟೇಪು ತಗೊಂಡು ಹೋಗಿ. ಆರ್ಥ್ರೈಟಿಸ್ ಇದ್ದರೆ ಬೆಳಿಗ್ಗೆ ಕೈ ಬಿಗಿದಿರುವ ಹೊತ್ತಿಗೇ ಹೋಗಿ, ಆಗಲೇ ನಿಜ ಗೊತ್ತಾಗುವುದು. ಸೇಲ್ಸ್ ಹುಡುಗ ಸಹಾಯಕ್ಕೆ ಓಡಿ ಬರುತ್ತಾನೆ. "ಬೇಡಪ್ಪಾ, ನಾವೇ ಮಾಡ್ತೀವಿ" ಅನ್ನಿ. ಮನೆಗೆ ಅವನು ಬರಲ್ಲ ಅಲ್ವಾ?

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾನೂನಿನಲ್ಲಿ, ಅಂಗವೈಕಲ್ಯ ಇರುವವರಿಗೆ ಹೊಂದುವಂತೆ ಬದಲಾಯಿಸಿದ ವಾಹನಕ್ಕೆ ಅಡಾಪ್ಟೆಡ್ ವೆಹಿಕಲ್ ಅನ್ನುವ ಹೆಸರಿದೆ. 2020ರ ಅಕ್ಟೋಬರ್‌ನಿಂದ ನೋಂದಣಿ ಫಾರಂನಲ್ಲಿ ದಿವ್ಯಾಂಗಜನ ಎಂದು ನಮೂದಿಸುವ ಜಾಗವೂ ಇದೆ. ಮೊದಲು ಸಣ್ಣ ಕಾರಿಗೆ ಜಿಎಸ್‌ಟಿ ಶೇ 28 ಇದ್ದಾಗ ಅಂಗವೈಕಲ್ಯ ಇರುವವರಿಗೆ ಶೇ 18ಕ್ಕೆ ಇಳಿಸಿಕೊಡುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಎಲ್ಲರಿಗೂ ಶೇ 18 ಆಯಿತು, ಆ ವ್ಯತ್ಯಾಸ ಹೋಯಿತು. ಆದರೆ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸುವುದನ್ನು ಬಿಡಬೇಡಿ. ಹೆದ್ದಾರಿ ಟೋಲ್ ವಿನಾಯಿತಿಗೂ ಅದೇ ಆಧಾರ, ವಿಮೆಗೂ ಅದೇ. ಹೇಳದೆ ಲಿವರ್ ಹಾಕಿಸಿಕೊಂಡರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.

ಕಾರು ಬದಲಾಯಿಸುವಾಗ ಹ್ಯಾಂಡ್ ಕಂಟ್ರೋಲ್ ಬಿಚ್ಚಿಟ್ಟುಕೊಳ್ಳಿ, ಅದು ಬೋಲ್ಟಿನ ಮೇಲೆ ಕೂತಿರುತ್ತದೆ. ಹೊಸ ಮಾಡೆಲ್‌ಗೆ ಬ್ರಾಕೆಟ್ ಬೇರೆ ಬೇಕಾಗಬಹುದು. ಅದನ್ನು ಬುಕಿಂಗ್ ಹಣ ಕಟ್ಟುವ ಮೊದಲೇ ಫಿಟ್ಟರ್ ಹತ್ತಿರ ಕೇಳಿಕೊಳ್ಳಿ.