ಎಂಜಿಬಿ ಮಿಸ್ ಹೊಡೆದಾಗ: ಯಾವ ಸಿಲಿಂಡರ್, ಯಾವ ಹೊತ್ತು?

ಎಂಜಿನ್ ಮಿಸ್ ಹೊಡೀತಿದೆ (ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ಕುಂಟುತ್ತಿದೆ) ಅಂದ ತಕ್ಷಣ ಜಾಸ್ತಿ ಜನ ಮಾಡುವ ಮೊದಲ ಕೆಲಸ ಪ್ಲಗ್ ಬದಲಿಸುವುದು. ಆಮೇಲೆ ಕೇಬಲ್, ಆಮೇಲೆ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್. ದುಡ್ಡು ಖಾಲಿಯಾಗುತ್ತದೆ, ಮಿಸ್ಸಿಂಗ್ ಹಾಗೇ ಇರುತ್ತದೆ. ಏನನ್ನೂ ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾವ ಸಿಲಿಂಡರ್ ಮಿಸ್ ಆಗುತ್ತಿದೆ? ಯಾವ ಹೊತ್ತಿನಲ್ಲಿ ಆಗುತ್ತಿದೆ?

ಉದಾಹರಣೆಗೆ ಎಂಜಿಬಿಯನ್ನೇ ತಗೊಳ್ಳೋಣ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಸ್ಪೋರ್ಟ್ಸ್ ಕಾರು. ಒಳಗಿರುವುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಎಂಜಿನ್, 1798 ಸಿಸಿ, ನಾಲ್ಕು ಸಿಲಿಂಡರ್. ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಇದೇ ಮನೆತನದ್ದು. ಅಂಬಾಸಿಡರ್ ಬಿಚ್ಚಿ ಕಲಿತ ಮೆಕ್ಯಾನಿಕ್‌ಗೆ ಎಂಜಿಬಿಯ ಬಾನೆಟ್ ಎತ್ತಿದರೆ ಹೊಸದು ಅನ್ನಿಸುವುದು ಕಡಿಮೆ. ಇಲ್ಲಿ ಹೇಳುವುದೆಲ್ಲ ಕಾಂಟ್ಯಾಕ್ಟ್ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಮತ್ತು ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಕಾರಿನ ಬಗ್ಗೆ. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಚ್ಚಲು ಜಾಗವೂ ಇಲ್ಲ.

ಮೊದಲು, ಯಾವ ಸಿಲಿಂಡರ್ ಅನ್ನುವುದು. ಎಂಜಿನ್ ಐಡಲ್‌ನಲ್ಲಿರುವಾಗ ಇನ್ಸುಲೇಟೆಡ್ ಇಕ್ಕಳದಿಂದ ಒಂದೊಂದೇ ಪ್ಲಗ್ ಕೇಬಲ್ ತೆಗೆಯಿರಿ. ಕೇಬಲನ್ನು ಗಾಳಿಯಲ್ಲಿ ತೇಲಾಡಲು ಬಿಡಬೇಡಿ, ಒಂದು ಹಳೇ ಪ್ಲಗ್ ಸಿಕ್ಕಿಸಿ ಅದು ಎಂಜಿನ್‌ಗೆ ತಾಗುವಂತೆ ಇಡಿ. ಇಲ್ಲದಿದ್ದರೆ ಕಾಯಿಲ್‌ನ ಒಳಗೆ ಇನ್ಸುಲೇಷನ್ ಹಾಳಾಗಬಹುದು, ನಿಮಗೂ ಜೋರಾಗಿ ಶಾಕ್ ಹೊಡೆಯುತ್ತದೆ. ಕೇಬಲ್ ತೆಗೆದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ವ್ಯತ್ಯಾಸ ಆಗಲಿಲ್ಲವೋ, ಮಿಸ್ ಹೊಡೆಯುತ್ತಿರುವುದು ಅದೇ.

ಒಂದೇ ಸಿಲಿಂಡರ್ ಆದರೆ ಅದರ ಪ್ಲಗ್, ಕೇಬಲ್, ವಾಲ್ವ್ ನೋಡಿದರೆ ಸಾಕು. ಪ್ಲಗ್‌ಗಳನ್ನು ಅದಲುಬದಲು ಮಾಡಿ. ಮಿಸ್ಸಿಂಗ್ ಪ್ಲಗ್ ಜೊತೆಗೇ ಹೋಯಿತಾ, ಉತ್ತರ ಸಿಕ್ಕಿತು.

ಜೋಡಿ ಸಿಲಿಂಡರ್ ಆದರೆ ಇನ್ನೂ ಚೆನ್ನಾಗಿದೆ. ಈ ಹೆಡ್‌ನಲ್ಲಿ 1 ಮತ್ತು 2ಕ್ಕೆ ಒಂದೇ ಇನ್ಲೆಟ್ ಪೋರ್ಟ್, 3 ಮತ್ತು 4ಕ್ಕೆ ಇನ್ನೊಂದು. 1-2 ಒಟ್ಟಿಗೆ ಸೊರಗಿದರೆ ಮುಂದಿನ ಕಾರ್ಬೊರೇಟರ್ ಕಡೆ ನೋಡಿ, 3-4 ಆದರೆ ಹಿಂದಿನದು. 2-3 ಒಟ್ಟಿಗೆ ಹೋಗಿದ್ದರೆ ಅನುಮಾನ ಪಡಬೇಕಾದ್ದು ಅವೆರಡರ ನಡುವೆ ಸುಟ್ಟ ಹೆಡ್ ಗ್ಯಾಸ್ಕೆಟ್ ಮೇಲೆ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ: ನಾಲ್ಕೂ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಒಂದೇ ಸಿಲಿಂಡರ್ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ಹೆಚ್ಚಾಗಿ ವಾಲ್ವ್.

ನಾಲ್ಕೂ ಸಿಲಿಂಡರ್ ಮನಸ್ಸಿಗೆ ಬಂದಂತೆ ಮಿಸ್ ಹೊಡೆದರೆ ಅದು ನಾಲ್ಕಕ್ಕೂ ಸೇರಿದ ಭಾಗದ ದೋಷ: ಪಾಯಿಂಟ್, ಕಂಡೆನ್ಸರ್, ಕಾಯಿಲ್, ರೋಟರ್ ಆರ್ಮ್ (ಕಿಡಿಯ ಕರೆಂಟನ್ನು ಸರದಿಯಂತೆ ಒಂದೊಂದು ಸಿಲಿಂಡರ್‌ಗೆ ಹಂಚುವ ಭಾಗ), ಇಲ್ಲಾ ಪೆಟ್ರೋಲ್. ಎರಡನೇ ಪ್ರಶ್ನೆ ಉಪಯೋಗಕ್ಕೆ ಬರುವುದು ಇಲ್ಲೇ.

3000 ಆರ್‌ಪಿಎಂನಲ್ಲಿ ಈ ಎಂಜಿನ್‌ಗೆ ಸೆಕೆಂಡಿಗೆ 100 ಕಿಡಿ ಬೇಕು. ಅಷ್ಟನ್ನೂ ಒಂದೇ ಜೊತೆ ಪಾಯಿಂಟ್ ಕೊಡಬೇಕು. ಪಾಯಿಂಟ್, ರೋಟರ್ ಎಲ್ಲ ಕೂತಿರುವ ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ. ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್. ಪಾಯಿಂಟ್ ಕರಕಲಾಗಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಮಾತ್ರ ಮಿಸ್ ಬಂದರೆ, ಕಂಡೆನ್ಸರ್ ಮೇಲೆ ಕಣ್ಣಿಡಿ. ಕಾಯಿಲ್ ಕೂಡ ಬಿಸಿಗೇ ಕೈಕೊಡುವ ಸಾಮಾನು.

ಇನ್ನೊಂದು ತರಲೆ ಜಾಗ ಇದೆ. ಡಿಸ್ಟ್ರಿಬ್ಯೂಟರ್ ಒಳಗೆ ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್‌ಗೆ ಹೋಗುವ ಒಂದು ಚಿಕ್ಕ ಮೆತ್ತನೆ ವೈರ್. ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿ ಸ್ವಲ್ಪ ಮುಂಚೆ ಬರುವಂತೆ ಮಾಡುವ ಸಾಧನ) ಪಾಯಿಂಟ್ ಕೂತಿರುವ ಪ್ಲೇಟನ್ನು ತಿರುಗಿಸಿದಾಗಲೆಲ್ಲ ಈ ವೈರ್ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ, ಮೇಲಿನ ಹೊದಿಕೆ ಮಾತ್ರ ಹೊಸದರ ಹಾಗೇ ಕಾಣುತ್ತದೆ. ಆಗ ಐಡಲ್‌ನಲ್ಲಿ ಎಲ್ಲ ಸರಿ, ಸ್ವಲ್ಪ ಥ್ರಾಟಲ್ ಕೊಟ್ಟರೆ ಕೆಮ್ಮು. ಜನ ಕಾರ್ಬೊರೇಟರ್ ಬಿಚ್ಚಿ ಕೂರುತ್ತಾರೆ! ವೈರನ್ನು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ರಬ್ಬರ್ ಬ್ಯಾಂಡ್‌ನಂತೆ ಹಿಗ್ಗಿದರೆ ಒಳಗೆ ತಂತಿ ಇಲ್ಲ ಅಂತಲೇ. ಮಲ್ಟಿಮೀಟರ್ ಹಚ್ಚಿ, ಪ್ಲೇಟನ್ನು ಕೈಯಲ್ಲೇ ತಿರುಗಿಸಿಯೂ ಖಚಿತ ಮಾಡಿಕೊಳ್ಳಬಹುದು.

ಎಲೆಕ್ಟ್ರಾನಿಕ್ ಟ್ಯಾಕೋಮೀಟರ್ (ಎಂಜಿನ್ ವೇಗ ತೋರಿಸುವ ಮೀಟರ್) ಇದ್ದರೆ ಓಡಿಸುವಾಗ ಅದರ ಮುಳ್ಳು ನೋಡುತ್ತಿರಿ. ಅದು ಕಾಯಿಲ್‌ನ ಪ್ರೈಮರಿ ಕಡೆಯಿಂದ, ಅಂದರೆ ಪಾಯಿಂಟ್‌ಗೆ ಸೇರಿದ ಲೋ ವೋಲ್ಟೇಜ್ ಕಡೆಯಿಂದ ಲೆಕ್ಕ ತಗೊಳ್ಳುತ್ತದೆ. ಮಿಸ್ ಹೊಡೆದಾಗ ಮುಳ್ಳೂ ಕುಣಿದರೆ ದೋಷ ಪಾಯಿಂಟ್, ಆ ವೈರ್, ಇಗ್ನಿಷನ್ ಸ್ವಿಚ್ ಇವುಗಳ ಕಡೆ. ಮುಳ್ಳು ಅಲುಗಾಡದಿದ್ದರೆ ಹೆಚ್ಚಾಗಿ ರೋಟರ್, ಕ್ಯಾಪ್, ಕೇಬಲ್, ಇಲ್ಲಾ ಪೆಟ್ರೋಲ್. ಈಗ ಅಂಗಡಿಯಲ್ಲಿ ಸಿಗುವ ಅಗ್ಗದ ರೋಟರ್ ಮತ್ತು ಕಂಡೆನ್ಸರ್‌ಗಳನ್ನು ನಾನಂತೂ ನಂಬುವುದಿಲ್ಲ. ಹೊಸದು ಹಾಕಿದ್ದೇವೆ ಅನ್ನುವುದು ಭಾಗ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಕೇಬಲ್ ಅನುಮಾನ ಇದ್ದರೆ ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿ, ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ.

ಪೆಟ್ರೋಲ್ ಕಡೆಗೆ ಚೋಕ್ ಒಂದೇ ಒಳ್ಳೆ ಪರೀಕ್ಷೆ. ಬಿಸಿ ಎಂಜಿನ್‌ನಲ್ಲಿ ಚೋಕ್ ಸ್ವಲ್ಪ ಎಳೆದಾಗ ಮಿಸ್ಸಿಂಗ್ ಕಡಿಮೆಯಾದರೆ ಮಿಶ್ರಣ ತೆಳ್ಳಗಿದೆ. ಗಾಳಿ ಎಲ್ಲೋ ಒಳಗೆ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಐಡಲ್‌ನಲ್ಲಿ ಜಾಸ್ತಿ ಇದ್ದರೆ ಗಾಳಿ: ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಸರ್ವೋ ಪೈಪ್, ಸವೆದ ಥ್ರಾಟಲ್ ಸ್ಪಿಂಡಲ್. ಏರಿನಲ್ಲಿ, ಜೋರಾಗಿ ಓಡಿಸುವಾಗ ಮಾತ್ರ ಬಂದರೆ ಪಂಪ್, ಫಿಲ್ಟರ್, ಫ್ಲೋಟ್ ಚೇಂಬರ್. ಸೋರಿಕೆ ಹುಡುಕಲು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವವರು ಹುಷಾರು. ಈ ಎಂಜಿನ್‌ನಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಕಾದ ಕಬ್ಬಿಣದ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು.

ಕಾರ್ಬೊರೇಟರ್ ಸ್ಕ್ರೂ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ವಾಲ್ವ್ ಗ್ಯಾಪ್, ಪಾಯಿಂಟ್, ಟೈಮಿಂಗ್ (ಕಿಡಿ ಹಾರುವ ಹೊತ್ತು) ಇದೇ ಕ್ರಮದಲ್ಲಿ ಮುಗಿದಿರಬೇಕು, ಯಾಕೆಂದರೆ ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಸರಿಯುತ್ತದೆ. ಆಮೇಲೆ ಎಸ್‌ಯು ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನು ಸುಮಾರು 0.8 ಮಿಮೀ ಎತ್ತಿ ನೋಡಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ತಕ್ಷಣ ಕುಸಿದರೆ ಕಡಿಮೆ, ಒಂಚೂರು ಏರಿ ಇಳಿದರೆ ಸರಿ ಇದೆ.