ರಾಣಿ ಬಲಿಯಲ್ಲಿ ಪವಾಡ ಏನೂ ಇಲ್ಲ

ಪಾಲ್ ಮಾರ್ಫಿ ರಾಣಿಯನ್ನೇ ಬಲಿ ಕೊಟ್ಟು ಗೆದ್ದ ಆಟ ಚೆಸ್ ಹುಚ್ಚಿನವರಿಗೆಲ್ಲ ಬಾಯಿಪಾಠ. 1858, ಪ್ಯಾರಿಸ್‌ನ ಒಪೆರಾ ಮಂದಿರ. ನ್ಯೂ ಆರ್ಲಿಯನ್ಸ್‌ನಿಂದ ಬಂದ ಮಾರ್ಫಿಗೆ ಆಗ 21 ವರ್ಷ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್. ಇಬ್ಬರೂ ಮಾತಾಡಿಕೊಂಡೇ ಆಡಿದರು, 17 ನಡೆಯಲ್ಲಿ ಸೋತರು.

‘ಅದೆಲ್ಲ ದೇವರು ಕೊಟ್ಟ ಬುದ್ಧಿ ಬಿಡಿ’ ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಆಟ ಕೆಟ್ಟಿದ್ದು ಮೂರನೇ ನಡೆಯಲ್ಲೇ!

ಕಪ್ಪಿನವರು, ಅಂದರೆ ಡ್ಯೂಕ್ ಮತ್ತು ಕೌಂಟ್, ಒಂಟೆಯನ್ನು ಜಿ4ಕ್ಕೆ (ಬಿಳಿಯ ಕಡೆಯಿಂದ ನೋಡಿದರೆ ಮನೆಗಳಿಗೆ ಎಡದಿಂದ ಎ–ಎಚ್, ಕೆಳಗಿನಿಂದ 1–8 ಎಂದು ಹೆಸರು) ತಂದು ಬಿಳಿ ಕುದುರೆಯನ್ನು ಕಟ್ಟಿಹಾಕಿದರು: ಅದು ಸರಿದರೆ ಹಿಂದಿನ ರಾಣಿ ಹೋಗುತ್ತದೆ. ಮಾರ್ಫಿ ಪೇದೆಯಿಂದ ಇ5ರ ಕಪ್ಪು ಪೇದೆಯನ್ನು ಹೊಡೆದ. ತಿರುಗಿ ಪೇದೆಯಿಂದಲೇ ಹೊಡೆದರೆ ರಾಣಿಗೆ ರಾಣಿ ಹೋಗುತ್ತದೆ, ಕುದುರೆಯ ಕಟ್ಟು ಬಿಚ್ಚಿ ಬಿಳಿಗೆ ಒಂದು ಪೇದೆ ಪುಕ್ಕಟೆ ಸಿಗುತ್ತದೆ. ಹಾಗಾಗಿ ಒಂಟೆಯೇ ಕುದುರೆಯನ್ನು ಹೊಡೆಯಬೇಕಾಯಿತು. ಅದನ್ನು ಹೊಡೆಯುವ ನೆಪದಲ್ಲಿ ಬಿಳಿ ರಾಣಿ ಹೊರಗೆ ಬಂತು. ಎರಡು ನಡೆ ತಿಂದ ಒಂಟೆ ಹಲಗೆಯ ಮೇಲೇ ಇಲ್ಲ!

ಆಟಗಾರರು ಟೆಂಪೊ ಅನ್ನುವುದು ಇದಕ್ಕೇ. ಒಂದು ನಡೆ ಎಂದರೆ ಒಂದು ಹೊತ್ತು. ಪಂಕ್ತಿ ಕೂತಾಗಿದೆ, ಅಡುಗೆಯವರು ಇನ್ನೂ ಕಾಯಿ ತುರಿಯುತ್ತಿದ್ದಾರೆ ಅಂದ ಹಾಗೆ. ಅಥವಾ ಕಂಡಕ್ಟರ್ ‘ರೈಟ್’ ಅಂದಮೇಲೆ ಮನೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಒಂಬತ್ತನೇ ನಡೆಗೆ ಬಿಳಿಯ ನಾಲ್ಕು ಕಾಯಿಗಳು ಹೊರಗಿದ್ದವು, ಕಪ್ಪಿನವು ಎರಡೇ. ಅದರಲ್ಲೂ ಕಪ್ಪು ರಾಣಿ ಇ7ರಲ್ಲಿ ತನ್ನದೇ ಒಂಟೆಗೆ ಅಡ್ಡ ನಿಂತಿತ್ತು. ಇಂಥ ಹೊತ್ತಲ್ಲಿ ಅವರು ಬಿ5ಕ್ಕೆ ಪೇದೆ ತಳ್ಳಿದರು. ಮಾರ್ಫಿ ಎರಡು ಪೇದೆಗೆ ಒಂದು ಕುದುರೆ ಕೊಟ್ಟು ರಾಜನಿಗೇ ಚೆಕ್ ಹೇಳಿದ. ಆಮೇಲೆ ಕ್ಯಾಸ್ಲಿಂಗ್: ರಾಜ ಭದ್ರ, ಆನೆ ಡಿ ಸಾಲಿಗೆ, ಒಂದೇ ನಡೆಯಲ್ಲಿ ಎರಡು ಕೆಲಸ.

ರಾಣಿ ಅಂದರೆ ನಮಗೆ ಯಾಕೋ ಭಯಭಕ್ತಿ ಜಾಸ್ತಿ. ಹಳೆಯ ಚದುರಂಗದಲ್ಲಿ ಅದು ಮಂತ್ರಿ, ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಈಗಿನ ಓಟ ಅದಕ್ಕೆ ಬಂದಿದ್ದು ಯುರೋಪಿನಲ್ಲಿ, 15ನೇ ಶತಮಾನದ ಕೊನೆಗೆ.

ಇಲ್ಲಿ ರಾಣಿ ಮಾಡಿದ್ದಾದರೂ ಏನು? ಡಿ7ರಲ್ಲಿ ಕಪ್ಪು ಕುದುರೆ ಬಾಗಿಲ ಅಗುಳಿಯಂತೆ ಕೂತಿತ್ತು. ರಾಣಿ ಬಿ8ಕ್ಕೆ ಹೋಗಿ ಚೆಕ್ ಕೊಟ್ಟಿತು. ಕುದುರೆ ಅದನ್ನು ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ಅಗುಳಿ ಸರಿಯಿತು, ಆನೆ ಡಿ8ಕ್ಕೆ ನುಗ್ಗಿತು. ಜಿ5ರ ಒಂಟೆ ಆ ಮನೆಯನ್ನೂ ಕಾಯುತ್ತದೆ, ರಾಜ ಓಡಬಹುದಾದ ಇ7ನ್ನೂ ಕಾಯುತ್ತದೆ. ಚೆಕ್‌ಮೇಟ್!

ಪೇದೆಗಳನ್ನು ಬಿಟ್ಟರೆ ರಾಜನ ಜೊತೆ ಬಿಳಿಗೆ ಉಳಿದಿದ್ದು ಒಂದು ಆನೆ, ಒಂದು ಒಂಟೆ, ಅಷ್ಟೇ. ಕಪ್ಪಿನವರ ಹತ್ತಿರ ರಾಣಿ, ಆನೆ, ಒಂಟೆ, ಕುದುರೆ ನಾಲ್ಕೂ ಇದ್ದವು. ಆ ಆನೆ, ಒಂಟೆ ಮಾತ್ರ ಇಟ್ಟ ಮನೆಯಿಂದ ಒಮ್ಮೆಯೂ ಕದಲಿರಲಿಲ್ಲ.